ವೀ: ಚಲನೆಯಿಂದ ಆಡುವ ಗೇಮ್ ಕನ್ಸೋಲ್

ಜಪಾನಿನ ಕ್ಯೋಟೊ ನಗರದ ನಿಂಟೆಂಡೊ ಕಂಪನಿ 2006ರಲ್ಲಿ ಮಾರುಕಟ್ಟೆಗೆ ತಂದ, ಮನೆಯ ಟಿ.ವಿ.ಗೆ ಜೋಡಿಸಿ ಆಡುವ ವಿಡಿಯೊ ಗೇಮ್ ಯಂತ್ರ ವೀ. ಕೈಯಲ್ಲಿ ಹಿಡಿದ ರಿಮೋಟನ್ನು ಬೀಸಿ, ಓರೆ ಮಾಡಿ, ಪರದೆಯತ್ತ ಗುರಿಯಿಟ್ಟು ಆಡುವುದು ಇದರ ವೈಶಿಷ್ಟ್ಯ. ಅಮೆರಿಕದಲ್ಲಿ ನವೆಂಬರ್ 19ರಂದು, ಜಪಾನಿನಲ್ಲಿ ಡಿಸೆಂಬರ್ 2ರಂದು ಬಿಡುಗಡೆಯಾಯಿತು. ಜಪಾನಿನಲ್ಲಿ ಬೆಲೆ 25,000 ಯೆನ್. ‘ನಾವು’ ಎಂಬರ್ಥದ ಇಂಗ್ಲಿಷ್ ಪದದಂತೆ ಕೇಳಿಸುವ ಹೆಸರನ್ನು ಬೇಕೆಂದೇ ಆರಿಸಲಾಯಿತು. ಒಟ್ಟು 10.16 ಕೋಟಿ ಯಂತ್ರಗಳು ಮಾರಾಟವಾದವು. ಸೋನಿಯ ಪ್ಲೇಸ್ಟೇಷನ್ 3 ಆಗಲಿ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಆಗಲಿ ಈ ಸಂಖ್ಯೆಯನ್ನು ಮುಟ್ಟಲಿಲ್ಲ. ಮಾರಾಟದ ಈ ಕತೆ ಎಲ್ಲ ಬರಹಗಳಲ್ಲೂ ಸಿಗುತ್ತದೆ. ಚಲನೆಯಿಂದ ಆಡುವ ಕಲ್ಪನೆ ಎಲ್ಲಿಂದ ಬಂತು, ಯಂತ್ರ ಆ ಚಲನೆಯನ್ನು ಹೇಗೆ ಅರಿಯುತ್ತಿತ್ತು ಎಂಬೆರಡರ ಬಗ್ಗೆ ಮಾತ್ರ ಗೊಂದಲ ಉಳಿದಿದೆ.

ಮೂಲ

ಕೈ ಬೀಸಿ ಆಡುವ ಆಟ ವೀಯಿಂದಲೇ ಶುರುವಾಯಿತೆಂಬ ಮಾತು ತಪ್ಪು. ನಿಂಟೆಂಡೊದ ಹಳೆಯ ಯಂತ್ರಕ್ಕೆಂದೇ 1989ರಲ್ಲಿ ಮ್ಯಾಟೆಲ್ ಕಂಪನಿ ‘ಪವರ್ ಗ್ಲೋವ್’ ಎಂಬ ಕೈಗವಸನ್ನು ಮಾರಿತ್ತು. 2003ರಲ್ಲಿ ಸೋನಿ ‘ಐಟಾಯ್’ ಎಂಬ ಕ್ಯಾಮೆರಾ ತಂದಿತ್ತು. ಗೈರೋಸ್ಕೋಪ್ ಅಳವಡಿಸಿದ ‘ಗಾಳಿಯ ಮೌಸ್’ ತಯಾರಿಸುತ್ತಿದ್ದ ಅಮೆರಿಕದ ಗೈರೇಷನ್ ಕಂಪನಿಯಲ್ಲಿ ನಿಂಟೆಂಡೊ 2001ರಲ್ಲೇ ಹಣ ಹೂಡಿತ್ತು. ಈ ಕೊನೆಯ ಸಂಗತಿಯನ್ನು ಹಿಡಿದು ವೀ ರಿಮೋಟ್ ಗೈರೇಷನ್ನಿನ ಕೂಸು ಎನ್ನುವವರಿದ್ದಾರೆ. ಇದನ್ನು ಒಪ್ಪುವ ಮೊದಲು ಗಮನಿಸಬೇಕಾದ ಅಂಶವೊಂದಿದೆ: 2006ರ ರಿಮೋಟಿನಲ್ಲಿ ಗೈರೋಸ್ಕೋಪ್ ಇರಲೇ ಇಲ್ಲ.

ಒಳಗಿನ ಕತೆಗೆ ಬಹುಕಾಲ ಒಂದೇ ಮುಖ್ಯ ಆಧಾರವಿತ್ತು. ಕಂಪನಿಯ ಅಧ್ಯಕ್ಷ ಸತೋರು ಇವಾಟ 2006ರಲ್ಲಿ ತಮ್ಮ ಎಂಜಿನಿಯರುಗಳನ್ನು ತಾವೇ ಸಂದರ್ಶಿಸಿ ಪ್ರಕಟಿಸಿದ ಮಾತುಕತೆಗಳು ಅವು. ಗುಂಡಿಗಳು ತುಂಬಿದ ಕಂಟ್ರೋಲರ್ ಕಂಡರೆ ಆಟವಾಡದವರು ಹಿಂಜರಿಯುತ್ತಾರೆ, ಟಿ.ವಿ. ರಿಮೋಟನ್ನಾದರೆ ಮನೆಯ ಎಲ್ಲರೂ ಮುಟ್ಟುತ್ತಾರೆ ಎಂಬುದು ಇವಾಟ ಅವರ ನಿಲುವು. ಯಂತ್ರದ ಗಾತ್ರ ಮೂರು ಡಿವಿಡಿ ಡಬ್ಬಿಗಳನ್ನು ಪೇರಿಸಿದಷ್ಟಿರಲಿ ಎಂದವರೂ ಅವರೇ. ವಿನ್ಯಾಸದಲ್ಲಿ ಶಿಗೆರು ಮಿಯಾಮೊಟೊ, ಯಂತ್ರಾಂಶದಲ್ಲಿ ಗೆನ್ಯೊ ತಕೆಡ ಮುಂದಾಳುಗಳಾಗಿದ್ದರು. ಇವು ಅಮೂಲ್ಯ ದಾಖಲೆಗಳು ನಿಜ. ಆದರೆ ಗೆದ್ದವರು ತಾವೇ ಹೇಳಿಕೊಂಡ ಕತೆ. 2018ರಲ್ಲಿ ಜಪಾನಿನ ಆನ್‌ಲೈನ್ ಹರಾಜಿಗೆ ಬಂದ ಒಂದು ಮಾದರಿ ಇದಕ್ಕೆ ಹೊಸ ಸಾಕ್ಷ್ಯ ಸೇರಿಸಿತು. ಅದು ತಂತಿಯುಳ್ಳ ರಿಮೋಟ್; ತಂತಿಯ ತುದಿಯಲ್ಲಿದ್ದುದು ವೀಗಿಂತ ಹಿಂದಿನ ಯಂತ್ರವಾದ ಗೇಮ್‌ಕ್ಯೂಬಿನ ಪ್ಲಗ್. ಹೊಸ ಕಂಟ್ರೋಲರನ್ನು ಹಳೆಯ ಯಂತ್ರದ ಮೇಲೆಯೇ ಪರೀಕ್ಷಿಸಿದ್ದರೆಂಬುದು ಇದರಿಂದ ಕಣ್ಣಿಗೆ ಕಂಡಿತು.

ಹಕ್ಕಿನ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಅಂಥ ವ್ಯಾಜ್ಯಗಳಲ್ಲಿ ಒಂದು ಐಲೈಫ್ ಟೆಕ್ನಾಲಜೀಸ್ ಕಂಪನಿ 2013ರಲ್ಲಿ ಹೂಡಿದ ದಾವೆ. ದೇಹದ ಚಲನೆಯನ್ನು ಪತ್ತೆ ಹಚ್ಚುವ ಪೇಟೆಂಟ್ ತನ್ನದೆಂಬ ಅದರ ವಾದವನ್ನು ಮೆಚ್ಚಿ 2017ರಲ್ಲಿ ಜ್ಯೂರಿ 1.01 ಕೋಟಿ ಡಾಲರ್ ಪರಿಹಾರ ಘೋಷಿಸಿತು. 2020ರಲ್ಲಿ ನ್ಯಾಯಾಧೀಶರು ಆ ಪೇಟೆಂಟೇ ಊರ್ಜಿತವಲ್ಲವೆಂದರು. ಮರುವರ್ಷ ಮೇಲ್ಮನವಿಯಲ್ಲೂ ಅದೇ ತೀರ್ಪು ಉಳಿಯಿತು. 2017ರ ತೀರ್ಪಿಗೇ ನಿಂತುಬಿಡುವ ಬರಹಗಳು ಓದುಗರನ್ನು ದಾರಿ ತಪ್ಪಿಸುತ್ತವೆ.

ಚಲನೆಯ ಅರಿವು

ಟಿ.ವಿ.ಯ ಮೇಲೆ ಇಡುವ ಉದ್ದನೆಯ ಪಟ್ಟಿಗೆ ‘ಸೆನ್ಸರ್ ಬಾರ್’ ಎಂದು ಹೆಸರಿಟ್ಟದ್ದೇ ದೊಡ್ಡ ಗೊಂದಲಕ್ಕೆ ಕಾರಣ. ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿ ಅವಕೆಂಪು ಬೆಳಕಿನ ಪುಟ್ಟ ದೀಪಗಳಿವೆ, ಅಷ್ಟೆ. ನೋಡುವ ಕಣ್ಣು ಇರುವುದು ರಿಮೋಟಿನ ಮೂತಿಯಲ್ಲಿ: ಅಲ್ಲಿನ ಚಿಕ್ಕ ಕ್ಯಾಮೆರಾ ಆ ಬೆಳಕಿನ ಚುಕ್ಕೆಗಳು ತನಗೆ ಎಲ್ಲಿ ಕಾಣುತ್ತವೆ, ಅವುಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಬ್ಲೂಟೂತ್ ಮೂಲಕ ಯಂತ್ರಕ್ಕೆ ತಿಳಿಸುತ್ತದೆ, ಗುರಿ ಎತ್ತ ಇದೆಯೆಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಪಟ್ಟಿಯ ಬದಲು ಎರಡು ಮೇಣದ ಬತ್ತಿ ಹಚ್ಚಿಟ್ಟರೂ ಗುರಿ ಕೆಲಸ ಮಾಡುತ್ತಿತ್ತು.

ಬೀಸುವಿಕೆಯನ್ನು ಅಳೆಯುತ್ತಿದ್ದುದು ಬೇರೆಯೇ ಭಾಗ, ಮೂರು ಅಕ್ಷಗಳ ಆಕ್ಸೆಲೆರೋಮೀಟರ್. ರಿಮೋಟ್ ಸ್ಥಿರವಾಗಿದ್ದಾಗ ಗುರುತ್ವದ ದಿಕ್ಕಿನಿಂದ ಅದು ಓರೆಯನ್ನು ಸರಿಯಾಗಿ ಹೇಳುತ್ತದೆ. ಜೋರಾಗಿ ಬೀಸಿದಾಗ ಗುರುತ್ವ, ಕೈಯ ಬಲ ಎರಡೂ ಬೆರೆತುಹೋಗಿ, ಯಾವುದು ಯಾವುದೆಂದು ಬಿಡಿಸಲಾಗುವುದಿಲ್ಲ. ಆದ್ದರಿಂದಲೇ ‘ವೀ ಸ್ಪೋರ್ಟ್ಸ್’ ಟೆನಿಸ್‌ನಲ್ಲಿ ಸೋಫಾದಲ್ಲಿ ಕುಳಿತು ಮಣಿಕಟ್ಟು ಕೊಡವಿದರೂ ಚೆಂಡು ಹಾರುತ್ತಿತ್ತು. ಅದೇ ಆಟದಲ್ಲಿ ಓಡುವ ಕೆಲಸವನ್ನು ಪರದೆಯ ಆಟಗಾರರಿಗೇ ಬಿಟ್ಟು, ನಮ್ಮ ಕೈಗೆ ಹೊಡೆತವೊಂದನ್ನೇ ಉಳಿಸಿದ್ದು ವಿನ್ಯಾಸಕಾರರ ಜಾಣ್ಮೆ. ಎಂದೂ ಗೇಮ್ ಆಡದ ಅಜ್ಜಿಯೂ ಮೊದಲ ನಿಮಿಷದಲ್ಲೇ ಆಡಬಹುದಾದದ್ದು ಇದರಿಂದ. ಯಂತ್ರದ ಮಿತಿಯನ್ನೇ ಆಟದ ಸರಳತೆಯಾಗಿ ಮಾರ್ಪಡಿಸಿದ ಈ ಕೃತಿ ಎಂಟು ಕೋಟಿಗೂ ಮೀರಿ ಹಂಚಿಕೆಯಾಯಿತು. ಜಪಾನ್, ದಕ್ಷಿಣ ಕೊರಿಯಾ ಬಿಟ್ಟು ಉಳಿದೆಡೆ ಅದು ಯಂತ್ರದ ಜೊತೆಗೇ ಸಿಗುತ್ತಿತ್ತು.

ಕೈಜಾರಿದ ರಿಮೋಟುಗಳು ಟಿ.ವಿ. ಒಡೆದ ಸುದ್ದಿಗಳು ಬಂದ ಮೇಲೆ 2006ರ ಡಿಸೆಂಬರಿನಲ್ಲೇ ಮಣಿಕಟ್ಟಿನ ದಾರವನ್ನು ದಪ್ಪ ಮಾಡಿ, ಸುಮಾರು 32 ಲಕ್ಷ ಹಳೆಯ ದಾರಗಳನ್ನು ಬದಲಿಸಿಕೊಡಲು ಕಂಪನಿ ಮುಂದಾಯಿತು. ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಬಂದದ್ದು 2009ರ ಜೂನಿನಲ್ಲಿ, ‘ಮೋಷನ್‌ಪ್ಲಸ್’ ಎಂಬ ಪ್ರತ್ಯೇಕ ತುಂಡಾಗಿ. ಕೈಯ ಕೋನವನ್ನೇ ಕತ್ತಿಯ ಕೋನವಾಗಿಸಿದ ‘ಸ್ಕೈವರ್ಡ್ ಸ್ವೋರ್ಡ್’ ಆಟ ಬರುವ ಹೊತ್ತಿಗೆ 2011 ಆಗಿತ್ತು. 2006ರಲ್ಲಿ ಜನ ಕಲ್ಪಿಸಿಕೊಂಡ ಯಂತ್ರ ನಿಜವಾಗಿ ಸಿದ್ಧವಾದದ್ದು ಆಗ ಎನ್ನಬೇಕು.

ಆಸ್ಪತ್ರೆಯಲ್ಲಿ

2007ರಲ್ಲಿ ಜಪಾನಿನಲ್ಲಿ ಬಂದ ವ್ಯಾಯಾಮದ ಆಟ ‘ವೀ ಫಿಟ್’ ಜೊತೆಯ ಬ್ಯಾಲೆನ್ಸ್ ಬೋರ್ಡ್ ನಾಲ್ಕು ಮೂಲೆಗಳಲ್ಲಿ ತೂಕ ಅಳೆಯುವ ಹಲಗೆ. ನಿಂತವರ ತೂಕ ಎತ್ತ ವಾಲುತ್ತದೆಂಬುದನ್ನು ಅದು ಪ್ರಯೋಗಾಲಯದ ದುಬಾರಿ ಉಪಕರಣಕ್ಕೆ ಹತ್ತಿರವಾಗಿ ಅಳೆಯುತ್ತದೆಂದು 2010ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಪಾರ್ಶ್ವವಾಯು ರೋಗಿಗಳ ಕೈ ಚಿಕಿತ್ಸೆಗೂ ವೀ ಬಳಕೆಯಾಯಿತು. ಅದೇ ವರ್ಷ ಪ್ರಕಟವಾದ ಕೆನಡಾದ ಸಣ್ಣ ಪ್ರಯೋಗ ಭರವಸೆ ಮೂಡಿಸಿತ್ತು. ಅದೇ ತಂಡ ನಾಲ್ಕು ದೇಶಗಳ 141 ರೋಗಿಗಳ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ದೊಡ್ಡ ಪ್ರಯೋಗದಲ್ಲಿ, ಇಸ್ಪೀಟು, ಬಿಂಗೊ ಆಡಿದವರಿಗಿಂತ ವೀ ಆಡಿದವರು ಹೆಚ್ಚೇನೂ ಚೇತರಿಸಿಕೊಳ್ಳಲಿಲ್ಲ. ಮೊದಲ ಫಲಿತಾಂಶವನ್ನು ಮಾತ್ರ ಉಲ್ಲೇಖಿಸುವ ಅಭ್ಯಾಸ ಈಗಲೂ ಇದೆ. ಎರಡನ್ನೂ ಒಟ್ಟಿಗೆ ಓದಬೇಕು.

ಪರಂಪರೆ

2010ರಲ್ಲಿ ಚಲನೆಯಿಂದಲೇ ಆಡಿಸುವ ಸೋನಿಯ ‘ಮೂವ್’, ಮೈಕ್ರೋಸಾಫ್ಟಿನ ‘ಕಿನೆಕ್ಟ್’ ಬಂದವು. ಕಿನೆಕ್ಟಿಗೂ ವೀಗೂ ಒಂದು ನೇರ ಕೊಂಡಿಯಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜಾನಿ ಚುಂಗ್ ಲೀ 2007ರಲ್ಲಿ ವೀ ರಿಮೋಟಿನ ಕ್ಯಾಮೆರಾವನ್ನೇ ಬಳಸಿ ಅಗ್ಗದ ಸಂವಾದಿ ಬೋರ್ಡ್ ಮಾಡುವ ವಿಧಾನವನ್ನು ಎಲ್ಲರಿಗೂ ಉಚಿತವಾಗಿ ಹಂಚಿದ್ದರು; ಮುಂದೆ ಮೈಕ್ರೋಸಾಫ್ಟ್ ಸೇರಿ ಕಿನೆಕ್ಟ್ ತಂಡದಲ್ಲಿ ದುಡಿದರು.

ಮಾರಾಟ 2008–09ರಲ್ಲಿ ಸುಮಾರು 2.6 ಕೋಟಿಯ ತುದಿ ಮುಟ್ಟಿ, 2011–12ಕ್ಕೆ 98 ಲಕ್ಷಕ್ಕೆ ಇಳಿಯಿತು. ಉತ್ತರಾಧಿಕಾರಿ ‘ವೀ ಯು’ ಸೋತಿತು. ಚಲನೆಯ ಆಟ 2017ರ ‘ಸ್ವಿಚ್’ ಯಂತ್ರದ ಪುಟ್ಟ ಕಂಟ್ರೋಲರುಗಳಲ್ಲಿ ಉಳಿದುಕೊಂಡಿತು, ಆದರೆ ಆಯ್ಕೆಗಳಲ್ಲಿ ಒಂದಾಗಿ ಮಾತ್ರ. ವೀಯ ಆನ್‌ಲೈನ್ ಆಟದ ಸೇವೆ 2014ರ ಮೇ ತಿಂಗಳಲ್ಲಿ ನಿಂತಿತು. ಆಟಗಳನ್ನು ಡೌನ್‌ಲೋಡ್ ಮಾಡಿ ಕೊಳ್ಳುವ ಅದರ ಆನ್‌ಲೈನ್ ಅಂಗಡಿ 2019ರ ಜನವರಿ ಕೊನೆಗೆ ಮುಚ್ಚಿತು. ಡಿಸ್ಕಿನಲ್ಲಿ ಎಂದೂ ಬರದೆ ಆ ಅಂಗಡಿಯಲ್ಲಿ ಮಾತ್ರ ಮಾರಾಟವಾಗುತ್ತಿದ್ದ ಆಟಗಳಲ್ಲಿ ಬೇರೆ ಯಂತ್ರಗಳಿಗೆ ಮರುಬಿಡುಗಡೆಯಾಗದವನ್ನು ಇಂದು ಹೊಸದಾಗಿ ಕೊಳ್ಳುವ ದಾರಿಯಿಲ್ಲ.