ಅಲೆ ತಂದ ಮರಳು

ಚೆನ್ನೈಯಲ್ಲಿ ನೆಲೆಸಿದ ನಾವು ಊರಿನಿಂದ ಬಂದ ನೆಂಟರನ್ನು ಮೊದಲು ಕರೆದೊಯ್ಯುವುದು ಮರೀನಾಕ್ಕೆ. ಆ ವಿಶಾಲ ಮರಳಹಾಸು ಬಹುಮಟ್ಟಿಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಬಂದು ಸೇರಿದುದು.

ಹಳೆಯ ಮದರಾಸಿಗೆ ಸಹಜ ಬಂದರಿರಲಿಲ್ಲ. ಗಾಳಿಯಿಂದ ಹುಟ್ಟಿದ ಅಲೆ ಆಳಕಡಲಿನಲ್ಲಿ ನೀರನ್ನು ಬಹುತೇಕ ಇದ್ದಲ್ಲೇ ಸುತ್ತಿಸಿ ತಾನು ಮುಂದೆ ಸಾಗುತ್ತದೆ. ದಡದ ಬಳಿ ತಳ ತಾಗಿ ವೇಗ ಕುಗ್ಗಿದಾಗ ಮೇಲೆದ್ದು ಒಡೆಯುತ್ತದೆ. ಈ ಹೊಡೆತಕ್ಕೆ ಅಂಜಿ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದ ಮಸೂಲಾ ದೋಣಿಗಳು ಜನರನ್ನೂ ಸರಕನ್ನೂ ದಡ ಮುಟ್ಟಿಸುತ್ತಿದ್ದವು. ಮೊಳೆಯಿಲ್ಲದ ಆ ದೋಣಿ ಅಲೆಗೆ ಬಾಗುತ್ತಿತ್ತು, ಸುಲಭವಾಗಿ ಸೀಳುತ್ತಿರಲಿಲ್ಲ.

1876ರಲ್ಲಿ ಬಂದರಿನ ಗೋಡೆಗಳ ಕೆಲಸ ಆರಂಭವಾಯಿತು. 1881ರ ಚಂಡಮಾರುತ ಅವುಗಳನ್ನು ಬಹಳವಾಗಿ ಹಾಳುಗೆಡವಿತು, ಮತ್ತೆ ಕಟ್ಟಲಾಯಿತು. ಆದರೆ ಇಲ್ಲಿನ ಅಲೆಗಳು ವರ್ಷದ ಹೆಚ್ಚು ಕಾಲ ಆಗ್ನೇಯದಿಂದ ಓರೆಯಾಗಿ ಬಡಿದು ಮರಳನ್ನು ಉತ್ತರಕ್ಕೆ ಒಯ್ಯುತ್ತವೆ. ಗೋಡೆ ಅಡ್ಡಬಂದಾಗ ಮರಳು ದಕ್ಷಿಣದಲ್ಲೇ ನಿಂತಿತು; ಮರೀನಾ ಹರವಿಕೊಂಡಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅಲ್ಲಿ ವಿಹಾರಪಥ ಮಾಡಿಸಿದರು.

ಇತ್ತ ಉತ್ತರದ ರಾಯಪುರಂ, ತಿರುವೊಟ್ಟಿಯೂರುಗಳಿಗೆ ಮರಳು ತಲುಪಲಿಲ್ಲ. ಕಡಲು ಮೀನುಗಾರರ ಮನೆಗಳನ್ನು ನುಂಗುತ್ತ ಬಂದಿತು. ಇಂದು ಅಲ್ಲಿ ದಡಕ್ಕೆ ಕಲ್ಲುಬಂಡೆಗಳೇ ಕಾವಲು. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಈ ಸಂಕಟ ಹೊಸತಲ್ಲ. ಸಂಜೆ ನಾವು ಕುಳಿತು ಗಾಳಿ ಸೇವಿಸುವ ಮರಳು, ಅವರ ಅಂಗಳವನ್ನು ಕಾಯಬೇಕಾಗಿದ್ದ ಮರಳು.