ಅರ್ಬುದವೂ ಸ್ನಾಯುದೌರ್ಬಲ್ಯವೂ: ಒಂದು ರೋಗನಿರ್ಣಯದ ಚರಿತ್ರೆ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಅರ್ಬುದವನ್ನು ದುಂಡಾದುದೂ ಕದಲದುದೂ ಮೆಲ್ಲನೆ ಬೆಳೆಯುವುದೂ ಆದ ಗಂಟೆಂದು ವರ್ಣಿಸಿದೆ. ಕೈಗೆ ಸಿಕ್ಕುವ ಗಂಟಿಗೆ ಈ ಲಕ್ಷಣವು ಸಾಲುವುದು. ಶ್ವಾಸಕೋಶದಲ್ಲಿ ಅಡಗಿದ ಅರ್ಬುದವಾದರೋ ಕೆಲವು ವೇಳೆ ತಾನಿರುವ ಎಡೆಯಲ್ಲಿ ತೋರದೆ, ತೊಡೆಗಳ ಬಲಹೀನತೆಯಿಂದಲೇ ತನ್ನ ಇರವನ್ನು ಮೊದಲು ಸೂಚಿಸುವುದುಂಟು. ಈ ಸಂಬಂಧದ ಕಾರಣವು ವಿಶದವಾಗಲು ಸುಮಾರು ಮೂವತ್ತು ವರ್ಷಗಳು ಹಿಡಿದುವು.

1953ರಲ್ಲಿ ಇಂಗ್ಲೆಂಡಿನ ಆಂಡರ್ಸನ್, ಚರ್ಚಿಲ್-ಡೇವಿಡ್‌ಸನ್, ರಿಚರ್ಡ್‌ಸನ್ ಎಂಬವರು ಶ್ವಾಸಕೋಶದ ಅರ್ಬುದವುಳ್ಳ ರೋಗಿಯೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಸ್ನಾಯುಗಳನ್ನು ಸಡಿಲಿಸುವ ಔಷಧವನ್ನು ಕೊಡಲು, ಅವನ ಉಸಿರಾಟವು ಬಹಳ ಹೊತ್ತು ಮರಳಲಿಲ್ಲ. ಅಮೇರಿಕೆಯ ಮೇಯೋ ಕ್ಲಿನಿಕ್ಕಿನ ಲ್ಯಾಂಬರ್ಟ್, ಈಟನ್, ರೂಕ್ ಇವರು 1956ರಲ್ಲಿ ಇಂತಹ ರೋಗಿಗಳ ನರಗಳನ್ನು ವಿದ್ಯುತ್ತಿನಿಂದ ಚೋದಿಸಿದ ಪರೀಕ್ಷೆಗಳನ್ನು ವರದಿಮಾಡಿದರು. ಮಯಸ್ತೇನಿಯಾ ಗ್ರಾವಿಸ್ ರೋಗದಲ್ಲಿ ಸ್ನಾಯುವು ದುಡಿದಷ್ಟೂ ಸೋಲುವುದು. ಇಲ್ಲಿಯಾದರೆ ಕ್ಷಣಕಾಲದ ಪರಿಶ್ರಮದಿಂದ ಬಲವು ಹೆಚ್ಚುವುದು. ಈ ಭೇದದಿಂದಲೇ ಇದು ಬೇರೊಂದು ರೋಗವೆಂದು ಸಿದ್ಧವಾಗಿ, ಲ್ಯಾಂಬರ್ಟ್-ಈಟನ್ನರ ಹೆಸರನ್ನು ಪಡೆಯಿತು.

ಕಾರಣವು ತಿಳಿದುದು ಮುಂದೆ. 1981ರಲ್ಲಿ ಲ್ಯಾಂಗ್, ನ್ಯೂಸಮ್-ಡೇವಿಸ್ ಮೊದಲಾದವರು ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿ, ಅದೇ ದೋಷವನ್ನು ಅವುಗಳಲ್ಲಿ ಕಂಡರು. ನರದ ತುದಿಯಲ್ಲಿರುವ ಕ್ಯಾಲ್ಸಿಯಂ ದ್ವಾರಗಳು ತೆರೆದಲ್ಲದೆ ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವ ಅಸಿಟೈಲ್‌ಕೋಲೀನ್ ಹೊರಬೀಳದು. ಸಣ್ಣಕಣದ ಅರ್ಬುದದ ಕಣಗಳಲ್ಲಿಯೂ ಅಂತಹ ದ್ವಾರಗಳುಂಟು. ಆದುದರಿಂದ ಅರ್ಬುದವನ್ನು ಎದುರಿಸಲು ಹುಟ್ಟಿದ ಪ್ರತಿಕಾಯಗಳೇ ನರದ ತುದಿಯನ್ನೂ ಬಾಧಿಸುವುವು. ರಕ್ಷಕನೇ ಮನೆಯವರನ್ನು ಹೊಡೆದಂತಾಯಿತು.

ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಣ್ಣಕಣದ ಶ್ವಾಸಕೋಶಾರ್ಬುದವಿರುವುದು; ಅವರಲ್ಲಿ ಹೆಚ್ಚಿನವರು ಧೂಮಪಾನಿಗಳು. ಅನೇಕರಲ್ಲಿ ಬಲಹೀನತೆಯು ಮೊದಲು ತೋರಿ ಅರ್ಬುದವು ಆಮೇಲೆ ಪತ್ತೆಯಾಗುವುದು. ಈ ನಡುವಣ ಅವಧಿಯೇ ರೋಗಿಯ ಪಾಲಿನ ಅಮೂಲ್ಯ ಕಾಲ.

ಕರ್ಣಾಟಕದಲ್ಲಿ ಅರ್ಬುದಕ್ಕಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಲ್ಲಿಯೂ, ಮನೋರೋಗ ಮತ್ತು ನರರೋಗಗಳಿಗಾಗಿ ನಿಮ್ಹಾನ್ಸ್ 1974ರಲ್ಲಿಯೂ ಸ್ಥಾಪಿತವಾದುವು. ಅವೆರಡರ ವಿಷಯಗಳೂ ಈ ಒಂದು ರೋಗದಲ್ಲಿ ಕೂಡುತ್ತವೆ. ಆದರೆ ಸೋಲಾಪುರ-ಹೈದರಾಬಾದು ಹೆದ್ದಾರಿಯ ಮೇಲಿರುವ ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯಿಂದ ಬೆಂಗಳೂರು 600 ಕಿಲೋಮೀಟರಿಗೂ ಹೆಚ್ಚು ದೂರ. ಅಷ್ಟು ದೂರ ಹೋಗಬೇಕೆಂಬ ಸಂದೇಹವಾದರೂ ಊರಿನಲ್ಲಿಯೇ ಹುಟ್ಟಬೇಕಷ್ಟೆ. ಅದಕ್ಕೆ ಬೇಕಾದ ಉಪಕರಣವು ಅಲ್ಪ: ಬಾಯಿ ಒಣಗುವುದೆಂದೂ ಕುಳಿತಲ್ಲಿಂದ ಏಳಲಾರೆನೆಂದೂ ಹೇಳುವ ರೋಗಿಯ ಮಂಡಿಯನ್ನು ಚಿಕ್ಕ ಸುತ್ತಿಗೆಯಿಂದ ತಟ್ಟಿ, ಹತ್ತು ಹದಿನೈದು ಕ್ಷಣ ಕಾಲನ್ನು ಬಲವಾಗಿ ಚಾಚಿಸಿ, ಮರಳಿ ತಟ್ಟುವುದು. ಮೊದಲು ಅಲುಗದಿದ್ದ ಕಾಲು ಆಮೇಲೆ ಅಲುಗಿದರೆ, ವೈದ್ಯನು ಎದೆಯನ್ನು ಪರೀಕ್ಷಿಸದೆ ಬಿಡಲಾಗದು.