‘ಓ’ ಗುಂಪಿನೊಳಗೊಂದು ಗುಟ್ಟು

‘ಓ’ ರಕ್ತವನ್ನು ಯಾರಿಗೆ ಬೇಕಾದರೂ ಕೊಡಬಹುದೆಂದು ಅರಸೀಕೆರೆಯ ನಮ್ಮ ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಈ ಮಾತಿಗೊಂದು ಅಪವಾದವುಂಟು.

1901ರಲ್ಲಿ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ವಿವರಿಸಿದರು. ಮೊದಲ ಮಹಾಯುದ್ಧದ ಸೈನಿಕರನ್ನು ಪರೀಕ್ಷಿಸಿದ ಹಿರ್ಷ್‌ಫೆಲ್ಡ್ ದಂಪತಿ, ಯುರೋಪಿನವರಿಗಿಂತ ಭಾರತೀಯರಲ್ಲಿ ‘ಬಿ’ ಹೆಚ್ಚೆಂದು 1919ರಲ್ಲಿ ಪ್ರಕಟಿಸಿದರು. 1952ರಲ್ಲಿ ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು ‘ಬಾಂಬೆ ಗುಂಪ’ನ್ನು ಕಂಡುಹಿಡಿದರು. ಭಾರತದಲ್ಲಿ ಸುಮಾರು 10,000 ಮಂದಿಗೊಬ್ಬರದು ಈ ಗುಂಪು. ಯುರೋಪಿನಲ್ಲಿ ಇನ್ನೂ ವಿರಳ. ಸಾಮಾನ್ಯ ಪರೀಕ್ಷೆಯಲ್ಲಿ ಅದು ‘ಓ’ ಎಂದೇ ತೋರುತ್ತದೆ. ಆದರೆ ಇವರ ರಕ್ತದಲ್ಲಿ ‘ಎಚ್’ ಅಂಶವಿಲ್ಲ. ‘ಓ’ ರಕ್ತ ಏರಿಸಿದರೆ ಪ್ರಾಣಕ್ಕೇ ಅಪಾಯ.

ತಂದೆ ತಾಯಿ ಇಬ್ಬರಿಂದಲೂ ಬಂದಾಗಲೇ ಈ ಗುಣ ಕಾಣಿಸುವುದರಿಂದ, ಹೊಂದುವ ದಾನಿಯನ್ನು ಮೊದಲು ಒಡಹುಟ್ಟಿದವರಲ್ಲಿ ಹುಡುಕಬೇಕು. ಬೇಲೂರು, ಹಳೇಬೀಡಿನ ಕಿರಿಯರೇ, ರಕ್ತದಾನ ಮಾಡಿ. ನಿಮ್ಮವರಿಗೆ ರಕ್ತ ಏರಿಸುವ ಮುನ್ನ ಹೊಂದಾಣಿಕೆ ಪರೀಕ್ಷೆ ಆಗಿದೆಯೇ ಎಂದು ಕೇಳಿ.